ಸಿಲೋನಿಗೆ ಹೋದ ಬಾಣಂತಿ ಖಾರ

ಸಾಗರ

ಸಾಗರದ ಸ್ಟೇಷನ್ನಿನಲ್ಲಿ ಆ ಬೆಳಿಗ್ಗೆ ಹೊರಟು ನಿಂತವರು ನಾವು ಮೂವರು: ನನ್ನ ಅತ್ತೆ, ನಮ್ಮವರು, ನಾನು. ನಾಲ್ಕನೆಯದಾಗಿ ಅತ್ತೆಯ ಹಸಿರು ಟ್ರಂಕನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅತ್ತೆಯ ಊರು ತೀರ್ಥಹಳ್ಳಿಯಿಂದ ಬಸ್ಸಿನ ತಲೆಯ ಮೇಲೆ ಕೂತು ಬಂದ ಆ ಟ್ರಂಕಿಗೆ ನಮ್ಮ ಮೂವರಿಗಿಂತ ಹೆಚ್ಚು ಮರ್ಯಾದೆ ಸಿಕ್ಕಿತ್ತು. ಅದನ್ನು ಯಾರೂ ಕಾಲಿನಿಂದ ಮುಟ್ಟುವ ಹಾಗಿರಲಿಲ್ಲ. ಅದರ ಮೇಲೆ ಕೂರುವ ಹಾಗಿರಲಿಲ್ಲ. ಅತ್ತೆ ಮಾತ್ರ ಕೂತಿದ್ದರು.

ಹೋಗುತ್ತಿದ್ದುದು ಸಿಲೋನಿಗೆ. ನನ್ನ ಮೈದುನ ರಂಗಪ್ಪ ಕೊಪ್ಪದ ಕಡೆಯ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ. ಅಲ್ಲಿಯ ದೊರೆ ಸಿಲೋನಿನ ಚಹಾ ತೋಟಕ್ಕೆ ಹೋಗುವಾಗ ಇವನನ್ನೂ ಕರೆದುಕೊಂಡು ಹೋಗಿದ್ದರು. ಹೆಂಡತಿ ಜಯ ಅಲ್ಲಿಯೇ ಹೆತ್ತಿದ್ದಳು. ಆ ಹುಡುಗಿಗೆ ತಾಯಿ ಇಲ್ಲ, ಸಣ್ಣವಳಿದ್ದಾಗಲೇ ಹೋಗಿದ್ದರು. ತವರಿನವರು ಮಾಡಬೇಕಾದ ಬಾಣಂತನ ಹಾಗಾಗಿ ನಮ್ಮ ಅತ್ತೆಯ ಪಾಲಿಗೆ ಬಂತು. ಕೈಯಾಳಾಗಿ ನಾನು.

ಟ್ರಂಕಿನಲ್ಲಿ ಏನಿತ್ತು ಎಂದರೆ ಹಳೆ ಅಕ್ಕಿ, ಹುರಿದ ಕಾಳುಮೆಣಸಿನ ಪುಡಿ, ಒಣಶುಂಠಿ, ಹಿಪ್ಪಲಿ, ಓಮ, ಬೆಳ್ಳುಳ್ಳಿ, ಒಂದು ಡಬ್ಬಿ ತುಪ್ಪ, ಒಂದು ಭರಣಿ ಲೇಹ್ಯ.

"ಅಲ್ಲಿ ಅಕ್ಕಿ ಸಿಗಲ್ವಾ ಅಮ್ಮ?" ಎಂದು ನಮ್ಮವರು ಕೇಳಿದರು.

"ಸಿಗ್ತದೆ ಮಾರಾಯ. ಅದು ಅವ್ರ ಅಕ್ಕಿ," ಎಂದರು ಅತ್ತೆ.

ಸುತ್ತ ನಿಂತ ಜನ ನಕ್ಕರು. ನನಗೆ ನಗು ಬರಲಿಲ್ಲ. ಆ ಟ್ರಂಕಿನ ಅಡುಗೆಯನ್ನು ನಾನು ಉಂಡವಳು. ನನ್ನ ಎರಡನೆಯ ಹೆರಿಗೆ ತೀರ್ಥಹಳ್ಳಿಯಲ್ಲಿ ಅತ್ತೆಯ ಕೈಯಲ್ಲಿ ಆಯಿತು. ಬಿಸಿ ಅನ್ನ, ಅದರ ಮೇಲೆ ಮೆಣಸಿನ ಪುಡಿ, ತುಪ್ಪ. ಮಧ್ಯಾಹ್ನ ಅದೇ, ಸಂಜೆ ಅದೇ. ಸೊಪ್ಪು ಇಲ್ಲ, ತರಕಾರಿ ಇಲ್ಲ, ಮಜ್ಜಿಗೆಯ ಮಾತೇ ಇಲ್ಲ. ನೀರು ಮಾತ್ರ ಔಷಧಿಯ ಹಾಗೆ, ಊಟದ ಕೊನೆಗೆ ಒಂದು ಸಣ್ಣ ಲೋಟದಲ್ಲಿ ತಳ ಮುಚ್ಚುವಷ್ಟು. ನೀರು ಕುಡಿದರೆ ಬಾಣಂತಿಗೆ ನಂಜಾಗುತ್ತದೆ, ಮಗುವಿಗೆ ಶೀತವಾಗುತ್ತದೆ. ತಲೆ ಸಿಡಿಯುತ್ತದೆಂದು ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿದ್ದರು. ಅತ್ತೆ ಆಚೆ ಹೋದಾಗ ನಾನು ಆ ಬಟ್ಟೆಯನ್ನು ಬಾಯಿಗಿಟ್ಟು ಹೀರಿದ್ದೇನೆ. ಇದನ್ನು ಬರೆಯಲು ನಾಚಿಕೆಯಾಗಬೇಕಿತ್ತು. ಆಗುವುದು ಸಿಟ್ಟು.

ಸಿಳ್ಳೆ ಹಾಕಿ ರೈಲು ಹೊರಟಿತು.

ಧನುಷ್ಕೋಟಿ

ಬೆಂಗಳೂರು, ಮದರಾಸು ಎಂದು ರೈಲು ಬದಲಿಸುತ್ತ ಹೋದ ಕತೆಯನ್ನು ಬಿಡುತ್ತೇನೆ. ಧನುಷ್ಕೋಟಿಯಲ್ಲಿ ರೈಲು ನೇರ ಸಮುದ್ರದೊಳಕ್ಕೇ ಹೋಗುತ್ತದೇನೋ ಅನ್ನಿಸಿತು. ಎರಡೂ ಕಡೆ ನೀರು, ನಡುವೆ ಮರಳು, ಮರಳಿನ ಮೇಲೆ ಹಳಿ. ಅಲ್ಲಿ ಇಳಿದು ಹಡಗು ಹತ್ತಬೇಕು.

ಮೊದಲು ಸುಂಕದವನು ಟ್ರಂಕು ಬಿಚ್ಚಿಸಿದ. ಬಿಚ್ಚಬೇಡಪ್ಪ, ಅದು ಬಾಣಂತಿದು ಎಂದು ಅತ್ತೆ ಕನ್ನಡದಲ್ಲಿಯೇ ಹೇಳಿದರು. ಅವನಿಗೆ ಕನ್ನಡ ಬಾರದು. ಮೆಣಸಿನ ಪುಡಿಯ ಗಂಟು ಬಿಚ್ಚಿ ಮೂಗಿನ ಹತ್ತಿರ ತಂದ. ಆಮೇಲೆ ಅವನು ಸೀನಿದ ಸೀನು, ಅವನ ಮುಂದಿನವನು ಸೀನಿದ ಸೀನು, ಹಿಂದೆ ಸಾಲಿನಲ್ಲಿ ನಿಂತವರ ಸೀನು. ಕಣ್ಣೀರು ಒರೆಸಿಕೊಳ್ಳುತ್ತ ಟ್ರಂಕಿನ ಮೇಲೆ ಸೀಮೆಸುಣ್ಣದಲ್ಲಿ ಗೀರು ಎಳೆದು ಕೈ ಬೀಸಿ ಕಳಿಸಿದ.

"ನೋಡು, ನಮ್ಮ ಮೆಣಸಿನ ಶಕ್ತಿ," ಎಂದರು ಅತ್ತೆ.

ಹಡಗಿನಲ್ಲಿ ಆ ಶಕ್ತಿ ಕೆಲಸಕ್ಕೆ ಬರಲಿಲ್ಲ. ಸಮುದ್ರ ಅಂದು ಒಳ್ಳೆಯ ಮನಸ್ಸಿನಲ್ಲಿ ಇರಲಿಲ್ಲ. ಅತ್ತೆ ಎರಡು ಸಲ ಕಕ್ಕಿದರು, ತಲೆ ನನ್ನ ತೊಡೆಯ ಮೇಲಿಟ್ಟು ಮಲಗಿದರು. "ಸೀತೆ, ನೀರು ಕೊಡೇ," ಎಂದರು. ಕೊಟ್ಟೆ. "ಇನ್ನೂ ಸ್ವಲ್ಪ." ಕೊಟ್ಟೆ. ಕೂಜ ಖಾಲಿಯಾಯಿತು. ಪಾಪ, ತುಟಿ ಬಿಳಚಿಕೊಂಡಿತ್ತು. ಅವರ ಹಣೆ ಒತ್ತುತ್ತ ಕೂತೆ. ಆ ಹೊತ್ತಿಗೆ ನನಗೆ ಅವರ ಮೇಲೆ ಪ್ರೀತಿಯೇ ಇತ್ತು. ಖಾಲಿ ಕೂಜವನ್ನು ಮಾತ್ರ ಮರೆಯಲಿಲ್ಲ.

ಕ್ಯಾಂಡಿಯ ಆಚೆ

ಆಚೆ ದಡದಲ್ಲಿ ರಂಗಪ್ಪ ಕಾದಿದ್ದ. ಮತ್ತೆ ರೈಲು, ಮತ್ತೆ ಬದಲಾವಣೆ, ಕ್ಯಾಂಡಿಯಿಂದ ಲಾರಿ. ಬೆಟ್ಟದ ಮೈಗೆಲ್ಲ ಚಹಾ ಗಿಡ, ತಲೆ ಬೋಳಿಸಿದ ಹಾಗೆ ಒಂದೇ ಎತ್ತರ. ಅದನ್ನು ಬಿಟ್ಟರೆ ಕಣ್ಣಿಗೆ ಬಿದ್ದದ್ದೆಲ್ಲ ಪರಿಚಯದ್ದು. ಹಲಸು, ಬೈನೆ, ಕಾಳುಮೆಣಸಿನ ಬಳ್ಳಿ, ಚರಂಡಿಯ ಪಕ್ಕದಲ್ಲಿ ಕೆಸು. ಹೊರದೇಶ ಎಂದರೆ ಬೇರೆ ಗಿಡಗಳಿರುತ್ತವೆ ಎಂದುಕೊಂಡಿದ್ದ ನನಗೆ ಸ್ವಲ್ಪ ನಿರಾಸೆಯೇ ಆಯಿತು. ಇಷ್ಟು ದೂರ ಬಂದು ನನ್ನ ತವರಿನ ಕಡೆಯ ಹೊಸನಗರ ನೋಡಿದ ಹಾಗೆ.

ರಂಗಪ್ಪನ ಮನೆಯ ಕೆಳಗೆ ಒಂದು ಹಳ್ಳಿ. ಅಲ್ಲಿಯ ಪೊಡಿ ಮೆಣಿಕೆ ಎಂಬ ಹೆಂಗಸು ಜಯಳಿಗೆ ಹೆರಿಗೆಯ ಹೊತ್ತಿನಿಂದ ಆಸರೆಯಾಗಿದ್ದಳು. ನಮ್ಮ ಅತ್ತೆಯ ವಯಸ್ಸು, ಅತ್ತೆಗಿಂತ ಗಟ್ಟಿ ದನಿ. ಅವಳ ಭಾಷೆ ರಂಗಪ್ಪನಿಗೆ ಬರುತ್ತಿತ್ತು. ನಾವು ಹೋದ ಮೊದಲ ದಿನವೇ ನಮ್ಮನ್ನು ಮನೆಗೆ ಕರೆದು ಕೂರಿಸಿ ತಿಂಡಿ ಬಡಿಸಿದಳು. ಬಿದಿರಿನ ತಟ್ಟೆಗಳ ಮೇಲೆ ಬೇಯಿಸಿದ ಒತ್ತು ಶಾವಿಗೆ, ಮೇಲೆ ಹಳದಿ ಬಣ್ಣದ ಕಾಯಿಹಾಲಿನ ಸಾರು. ಮೀನು ಬೆರೆಸಿರಲಿಲ್ಲ, ನಾವು ತಿನ್ನುತ್ತೇವೋ ಇಲ್ಲವೋ ಎಂದು.

ಅತ್ತೆ ಮೂರು ಸಲ ಹಾಕಿಸಿಕೊಂಡರು. ಕೈ ತೊಳೆದು ತೀರ್ಪು ಕೊಟ್ಟರು: "ಇದು ನಮ್ಮದೇ. ನಮ್ಮ ಕಡೆಯಿಂದ ಯಾರೋ ಬಂದು ಕಲ್ಸಿದಾರೆ."

ರಂಗಪ್ಪ ಅದನ್ನು ಹೇಳಿದ. ಮೆಣಿಕೆ ನಕ್ಕು ಏನೋ ಅಂದಳು.

"ಎಂಥ ಅಂತಾಳೆ?"

"ರಾಜರ ಕಾಲದಿಂದ ಇವರು ಮಾಡ್ತಿದಾರಂತೆ. ನಿಮ್ಮೂರಿಗೂ ಬಂತಾ, ಸಂತೋಷ ಅಂತಿದಾಳೆ."

ಅತ್ತೆಗೆ ಇದು ಹಿಡಿಸಲಿಲ್ಲ. ಆದರೆ ಅವರ ಹತ್ತಿರ ಒಂದು ಅಳತೆಗೋಲು ಇತ್ತು, ಅದು ಆಮೇಲೆ ನನಗೆ ಚೆನ್ನಾಗಿ ಅರ್ಥವಾಯಿತು. ಅತ್ತೆಗೆ ರುಚಿಸಿದ್ದೆಲ್ಲ ನಮ್ಮಿಂದ ಹೋದದ್ದು. ರುಚಿಸದ್ದೆಲ್ಲ ಅವರದ್ದು. ಎಳೆ ಹಲಸಿನಕಾಯಿಯ ಪಲ್ಯ ನಮ್ಮದು. ಅದಕ್ಕೆ ಬಿದ್ದ ಕಪ್ಪು ಹುಳಿ ಅವರದ್ದು. ಆ ಹುಳಿಯನ್ನು ಕೈಯಲ್ಲಿ ಹಿಡಿದು ನೋಡಿದೆ: ಉಪ್ಪಾಗೆ ಎಂಬ ಕಾಡುಹಣ್ಣಿನ ಒಣಗಿಸಿದ ಸಿಪ್ಪೆ. ಹೊಸನಗರದ ಕಡೆಯ ನನ್ನ ತವರಿನ ಅಟ್ಟದ ಮೇಲೆ ಅದರದ್ದೇ ಹೊಗೆ ವಾಸನೆ. ಅತ್ತೆಯ ಮನೆಯಲ್ಲಿ ಅದಕ್ಕೆ ಪ್ರವೇಶವಿಲ್ಲ. ಕಾಡಿನ ಹುಳಿ ಹಾಕುವವರು ಹುಣಸೆಹಣ್ಣು ಕೊಳ್ಳಲಾರದವರು ಎಂದು ನನ್ನ ಮದುವೆಯ ಹೊಸತರಲ್ಲಿ ನನ್ನ ಮುಂದೆಯೇ ಅಂದಿದ್ದರು. ಮೆಣಿಕೆ ಅದನ್ನು ಒಲೆಯ ಮೇಲಿನ ಅತಿ ಒಳ್ಳೆಯ ಮಡಕೆಯಲ್ಲಿ ಇಟ್ಟಿದ್ದಳು.

ನಮ್ಮವರು ಪತ್ರಿಕೆ ಮಡಚಿ ಒಂದು ಮಾತು ಸೇರಿಸಿದರು: "ಅಮ್ಮ, ನಾವು ದಿನಾ ಹಾಕೋ ಒಣಮೆಣಸಿನಕಾಯಿನೂ ಹಡಗಲ್ಲಿ ಹೊರಗಿಂದ ಬಂದದ್ದಂತೆ."

"ಯಾವ ಹಡಗು? ನಾನು ಹಿತ್ತಿಲಲ್ಲಿ ಬೆಳೀತೀನಿ."

ನಮ್ಮವರು ಮತ್ತೆ ಪತ್ರಿಕೆ ಬಿಡಿಸಿದರು.

ಜಯಳ ಕೋಣೆ

ನಗುವ ವಿಷಯ ಇಷ್ಟೇ. ಟ್ರಂಕು ತೆರೆಯಿತು. ಜಯಳ ಕೋಣೆಯ ಕಿಟಕಿ ಮುಚ್ಚಿತು. ಅನ್ನ, ಮೆಣಸಿನ ಪುಡಿ, ತುಪ್ಪ ಶುರುವಾಯಿತು. ನಾವು ಬರುವ ತನಕ ಮಾತಾಡಿಕೊಂಡು ಓಡಾಡುತ್ತಿದ್ದ ಹುಡುಗಿ ಕೆಲವೇ ದಿನಕ್ಕೆ ಹಾಸಿಗೆ ಹಿಡಿದಳು. ತುಟಿ ಒಡೆಯಿತು. ನಾಲಿಗೆಯ ಮೇಲೆ ಬಿಳಿ. ಮಗು ಎದೆ ಚೀಪಿ ಚೀಪಿ ಏನೂ ಸಿಗದೆ ಕಿರುಚುತ್ತಿತ್ತು. ಕೂಸಿನ ಕಾಲಿನ ಚರ್ಮ ಸಡಿಲವಾದದ್ದು ಎಣ್ಣೆ ಹಚ್ಚುವಾಗ ನನ್ನ ಕೈಗೆ ತಿಳಿಯಿತು.

ತೋಟದ ಆಸ್ಪತ್ರೆಯ ಡಾಕ್ಟರ್ ಬಂದು ಧಾರಾಳವಾಗಿ ನೀರು ಕೊಡಿ ಎಂದು ಹೇಳಿ ಹೋದ. ಅತ್ತೆ ತಲೆಯಾಡಿಸಿ ಅವನನ್ನು ಬಾಗಿಲ ತನಕ ಕಳಿಸಿ ಬಂದು, "ಗಂಡಸರಿಗೆ ಎಂಥ ಗೊತ್ತು, ಹೆತ್ತಿದಾರಾ," ಎಂದರು.

ರಂಗಪ್ಪ ತಾಯಿಯ ಎದುರು ಬಾಯಿ ತೆರೆಯುವವನಲ್ಲ. ನಮ್ಮವರೂ ಅದೇ ಹೊಟ್ಟೆಯಲ್ಲಿ ಹುಟ್ಟಿದವರು. "ಹೆಂಗಸರ ವಿಷಯ," ಎಂದು ಇಬ್ಬರೂ ಜಗಲಿಗೆ ಹೋದರು. ಪತ್ರಿಕೆಯಲ್ಲಿ ಎರಡು ದೇಶದ ಸುದ್ದಿ ಓದುವ ಗಂಡಸರಿಗೆ ಪಕ್ಕದ ಕೋಣೆಯ ಸುದ್ದಿ ಬೇಡ.

ಜಯ ನನ್ನ ಸೆರಗು ಹಿಡಿದು, "ಅಕ್ಕಾ, ಒಂದು ಗುಟುಕು," ಎಂದಳು. ಕದ್ದು ಕೊಟ್ಟೆ, ಸಿಕ್ಕಾಗಲೆಲ್ಲ. ಕದ್ದು ಕೊಟ್ಟದ್ದು ಎಷ್ಟು ಸಾಲುತ್ತದೆ? ಅತ್ತೆಯ ಚಾಪೆ ಆ ಕೋಣೆಯ ಹೊಸ್ತಿಲಲ್ಲಿಯೇ ಇತ್ತು.

ಆಗ ಮೆಣಿಕೆ ಒಂದು ಬೆಳಿಗ್ಗೆ ಮಣ್ಣಿನ ಮಡಕೆ ತಂದಳು. ಒಳಗೆ ಗಿಳಿಹಸಿರು ಗಂಜಿ. ಅಕ್ಕಿ ಬೇಯಿಸಿ, ಸೊಪ್ಪು ಅರೆದು ಹಿಂಡಿದ ರಸ ಬೆರೆಸಿ, ಕಾಯಿಹಾಲು ಹಾಕಿದ್ದು. ಜೊತೆಗೆ ಕಚ್ಚಿಕೊಂಡು ಕುಡಿಯಲು ಒಂದು ತುಂಡು ಬೈನೆ ಬೆಲ್ಲ. ನಮ್ಮಲ್ಲಿ ಬೈನೆ ಮರದಿಂದ ಹೆಂಡ ಇಳಿಸುತ್ತಾರೆ, ಅವರಿಗೆ ಅದು ಬೆಲ್ಲದ ಮರ. ಮುಚ್ಚಳ ತೆಗೆದ ಕೂಡಲೇ ನನಗೆ ವಾಸನೆ ಗುರುತು ಸಿಕ್ಕಿತು. ಒಂದೆಲಗ.

ಹೊಸನಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ ನಮ್ಮಮ್ಮನ ಬಚ್ಚಲ ನೀರು ಹರಿಯುವ ಕಡೆಯೆಲ್ಲ ಒಂದೆಲಗ ಹಬ್ಬಿತ್ತು. ಜೀರಿಗೆ, ಮೆಣಸು, ಕಾಯಿ ಹಾಕಿ ರುಬ್ಬಿ ಮಜ್ಜಿಗೆ ಬೆರೆಸಿ ಅಮ್ಮ ಮಾಡುತ್ತಿದ್ದ ತಂಬುಳಿಗೆ ನಾನು ಅನ್ನ ಬಿಟ್ಟು ಬರೀ ಲೋಟ ಹಿಡಿಯುತ್ತಿದ್ದೆ. ನನ್ನ ಮೊದಲ ಬಾಣಂತನದಲ್ಲಿ ಅಮ್ಮ ಅದೇ ಸೊಪ್ಪನ್ನು ಬೇಯಿಸಿ, ಜೀರಿಗೆ ನೀರು ಬೇಕಾದಷ್ಟು ಕೊಟ್ಟು, ನನ್ನನ್ನು ಎದ್ದು ಕೂರಿಸಿದ್ದಳು. ಅವಳು ಹೋದ ಮೇಲೆ ಆ ಊರೂ ಹೋಯಿತು, ಶರಾವತಿಗೆ ಅಣೆಕಟ್ಟು ಬಂತು. ಈಗ ಅಮ್ಮನ ಊರಲ್ಲಿ ಬೇಕಾದಷ್ಟು ನೀರು.

ಅತ್ತೆ ಮಡಕೆಯೊಳಗೆ ಇಣುಕಿದರು. "ಇದೆಂಥ ಹಸಿರು, ಎಮ್ಮೆ ಮೆಲುಕು ಹಾಕಿದಂಗೆ. ಬಾಣಂತಿಗೆ ಸೊಪ್ಪು, ಅದೂ ತಂಪಿನ ಸೊಪ್ಪು. ಕೊಲ್ಲಕ್ಕೆ ಬಂದಿದಾಳಾ ಇವ್ಳು?"

ಮೆಣಿಕೆ ರಂಗಪ್ಪನ ಮುಖ ನೋಡಿದಳು. ಅವನು ಏನೋ ಹೇಳಿದ. ಮೆಣಿಕೆಯ ಮುಖ ಅರಳಿತು. ಅವಳು ಹೋದ ಮೇಲೆ ಕೇಳಿದೆ.

"ಎಂಥ ಹೇಳಿದೆ ಮಾರಾಯ?"

"ಅಮ್ಮನಿಗೆ ಬಾಳ ಇಷ್ಟ ಆಯ್ತು ಅಂದೆ."

ಅತ್ತೆ ಗಂಜಿಯನ್ನು ಬಾಳೆಯ ಬುಡಕ್ಕೆ ಸುರಿದರು. ಮಾರನೆಯ ಬೆಳಿಗ್ಗೆ ಮೆಣಿಕೆ ಇನ್ನೂ ದೊಡ್ಡ ಮಡಕೆ ಹೊತ್ತು ಬೆಟ್ಟ ಹತ್ತಿ ಬಂದಳು.

ಹೊಸ್ತಿಲು

ಆ ದೊಡ್ಡ ಮಡಕೆಯನ್ನು ನಾನು ಮೆಣಿಕೆಯ ಕೈಯಿಂದಲೇ ತೆಗೆದುಕೊಂಡೆ. ಜಯಳ ಕೋಣೆಯ ಕಡೆ ನಡೆದೆ. ಒಳಗಿನಿಂದ ಮಗುವಿನ ಅಳು, ಅಳುವ ಶಕ್ತಿಯೂ ಕಮ್ಮಿಯಾದ ಅಳು. ಅತ್ತೆ ಹೊಸ್ತಿಲಲ್ಲಿ ಎದ್ದು ನಿಂತರು.

"ಎಲ್ಲಿಗೆ?"

"ಜಯಂಗೆ ಕೊಡಕ್ಕೆ."

"ಸೀತೆ, ಇಳಿಸು ಅದ್ನ."

"ಇಳ್ಸಲ್ಲ ಅತ್ತೆ. ಪಕ್ಕಕ್ಕೆ ಸರೀರಿ."

ಅಷ್ಟು ವರ್ಷದಲ್ಲಿ ನಾನು ಅವರಿಗೆ ಎದುರಾಡಿದ್ದು ಅದೇ ಮೊದಲು. ಜಗಲಿಯಲ್ಲಿ ಪತ್ರಿಕೆಯ ಸದ್ದು ನಿಂತಿತು.

"ನಿನ್ನ ತವರಲ್ಲಿ ಸೊಪ್ಪು ಸದೆ ತಿಂದು ಬೆಳ್ದಿರಬೋದು. ನಮ್ಮ ಮನೆ ಪದ್ಧತಿ ಬೇರೆ. ನಿನ್ನ ಬಾಣಂತನ ನಾನೇ ಮಾಡಿಲ್ವಾ? ಸತ್ತೋದ್ಯಾ ನೀನು?"

"ಸಾಯ್ಲಿಲ್ಲ. ಹಣೆ ಮೇಲಿನ ಒದ್ದೆ ಬಟ್ಟೆ ಚೀಪಿ ಬದುಕಿದೆ. ನಿಮಗೆ ಗೊತ್ತಾಗದಂಗೆ ಚೀಪ್ತಿದ್ದೆ ಅತ್ತೆ, ನಾಯಿ ಥರ. ಮೊನ್ನೆ ಹಡಗಲ್ಲಿ ನೀವು ಒಂದು ಕೂಜ ನೀರು ಕುಡಿದ್ರಿ. ಒಂದು ಗಳಿಗೆ ಹೊಟ್ಟೆ ತೊಳಸಿದ್ದಕ್ಕೆ ಒಂದು ಕೂಜ. ನಾನು ತಡೆದ್ನಾ? ಈ ಹುಡುಗಿ ಹೆತ್ತಿದಾಳೆ, ಇನ್ನೊಂದು ಜೀವಕ್ಕೆ ಹಾಲು ಕೊಡ್ಬೇಕು, ಇವ್ಳಿಗೆ ನೀರು ವಿಷವಾ?"

ಅತ್ತೆಯ ಮುಖ ಕೆಂಪಾಯಿತು. ಹೊಡೆಯುತ್ತಾರೆ ಅಂದುಕೊಂಡೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ನಿನಗೆ ಎಂಥ ಗೊತ್ತು," ಎಂದರು. ದನಿ ಬೇರೆಯೇ ಆಗಿತ್ತು. "ನಮ್ಮ ದೊಡ್ಡಕ್ಕ ಹೆತ್ತಾಗ ನಾನು ಲಂಗ ಉಡ್ತಿದ್ದೆ. ಆಷಾಢ. ಬಾವಿಗೆ ಗದ್ದೆ ನೀರೆಲ್ಲ ನುಗ್ಗಿ ಕೆಂಪಾಗಿತ್ತು. ಅಕ್ಕ ನೀರು ನೀರು ಅಂದ್ಳು. ನಾನೇ ಸೇದಿ ಕೊಟ್ಟೆ, ತಂಬಿಗೆ ತಂಬಿಗೆ. ವಾಂತಿಭೇದಿ ಶುರು ಆಯ್ತು. ಮಗೂನೂ ಹೋಯ್ತು, ಅವ್ಳೂ ಹೋದ್ಳು. ಅವತ್ತಿಂದ ನಮ್ಮಮ್ಮ ಬಾಣಂತಿ ಕೋಣೆಗೆ ನೀರಿನ ತಂಬಿಗೆ ಬಿಡ್ಲಿಲ್ಲ. ನಾನೂ ಬಿಟ್ಟಿಲ್ಲ."

ಮನೆತನದ ಪದ್ಧತಿ, ಹಿರಿಯರ ಕಾಲದ್ದು, ಶಾಸ್ತ್ರದ್ದು ಎಂದು ನಾನು ಕೇಳುತ್ತ ಬಂದ ಆ ಒಣ ಅನ್ನದ ಹುಟ್ಟು ಇದು. ಒಂದು ಕೆಟ್ಟ ಮಳೆಗಾಲ, ಒಂದು ಬಾವಿ, ಒಬ್ಬ ಹುಡುಗಿಯ ಹೆದರಿಕೆ. ನನ್ನ ಕಣ್ಣು ತುಂಬಿತು. ಆದರೆ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ಇಷ್ಟು ವರ್ಷ ಈ ಮಾತನ್ನು ಬಾಯಿಬಿಟ್ಟು ಹೇಳಿದ್ದರೆ ನೀರು ಕುದಿಸಿ ಆರಿಸಿ ಕೊಡಬಹುದಿತ್ತಲ್ಲ. ಹೇಳದೆ, ಅದಕ್ಕೊಂದು ಪದ್ಧತಿ ಎಂದು ಹೆಸರಿಟ್ಟು, ಮನೆಗೆ ಬಂದ ಒಬ್ಬೊಬ್ಬಳನ್ನೂ ಒಣಗಿಸಿದರು.

"ಆ ಬಾವಿ ನೀರು ಬೇರೆ ಅತ್ತೆ," ಎಂದೆ. "ಇದು ಬೆಂದಿದ್ದು."

"ಗೊತ್ತು," ಎಂದರು. ಸರಿಯಲಿಲ್ಲ.

ಇಷ್ಟೂ ಹೊತ್ತು ಮೆಣಿಕೆ ಹಿಂದೆ ನಿಂತಿದ್ದಳು. ಮಾತು ತಿಳಿಯದಿದ್ದರೂ ಜಗಳ ತನ್ನ ಮಡಕೆಯ ಮೇಲೆ ಎಂಬುದು ತಿಳಿದಿತ್ತು. ಗಂಜಿಯಲ್ಲಿ ಏನಾದರೂ ಇದೆ ಎಂಬ ಅನುಮಾನ ಇವರಿಗೆ ಎಂದುಕೊಂಡಳೋ ಏನೋ. ಮುಂದೆ ಬಂದು ನನ್ನ ಕೈಯ ಮಡಕೆಯಿಂದ ಕರಟದ ಚಿಪ್ಪಿನಲ್ಲಿ ಗಂಜಿ ತೋಡಿಕೊಂಡು, ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು, ತುಟಿಯಿಟ್ಟು ಎರಡು ಗುಟುಕು ಕುಡಿದಳು. ಅದೇ ಚಿಪ್ಪನ್ನು ಮತ್ತೆ ಮಡಕೆಯೊಳಗೆ ಅದ್ದಿ, ನೋಡಿ, ಏನೂ ಆಗುವುದಿಲ್ಲ ಎಂಬಂತೆ ಮುಂದೆ ಹಿಡಿದಳು.

ಅವಳ ಲೆಕ್ಕದಲ್ಲಿ ಅದು ನಂಬಿಕೆ ಹುಟ್ಟಿಸುವ ಕೆಲಸ. ನಮ್ಮ ಲೆಕ್ಕದಲ್ಲಿ ಮಡಕೆಗೆ ಮಡಕೆಯೇ ಎಂಜಲಾಯಿತು.

ಅತ್ತೆ "ಅಯ್ಯೋ ಶಿವನೇ," ಎಂದು ಅಲ್ಲಿಯೇ ಕೂತುಬಿಟ್ಟರು. ಕೂತದ್ದರಿಂದ ಬಾಗಿಲು ತೆರವಾಯಿತು. ನಾನು ಮೆಣಿಕೆಯ ಕೈಯಿಂದ ಚಿಪ್ಪು ಇಸಿದುಕೊಂಡು, ಅವಳು ಕುಡಿದ ಕಡೆಯಲ್ಲಿಯೇ ತುಟಿಯಿಟ್ಟು ಒಂದು ಗುಟುಕು ಕುಡಿದೆ. ಅಮ್ಮನ ಬಚ್ಚಲ ಹಿತ್ತಿಲು ಗಂಟಲಲ್ಲಿ ಇಳಿಯಿತು. ಅತ್ತೆಯನ್ನು ದಾಟಿ ಒಳಗೆ ಹೋದೆ. ಜಯ ಎರಡು ಕೈಯಲ್ಲಿ ಚಿಪ್ಪು ಹಿಡಿದು, ಉಸಿರು ತೆಗೆಯದೆ ಕುಡಿದಳು. ಗಲ್ಲದಿಂದ ಇಳಿದದ್ದನ್ನೂ ಬೆರಳಲ್ಲಿ ಒರೆಸಿ ನೆಕ್ಕಿದಳು. ಬೆಲ್ಲದ ನೆನಪೂ ಆಗಲಿಲ್ಲ.

ಆ ಸಂಜೆಯೇ ಹಾಲು ಉಕ್ಕಿತು ಎಂದು ಬರೆದರೆ ಓದುವವರಿಗೆ ಸಮಾಧಾನ. ಹಾಗೇನೂ ಆಗಲಿಲ್ಲ. ಗಂಜಿ, ಕುದಿಸಿದ ನೀರು, ಸೊಪ್ಪು ಹೀಗೆ ದಿನ ಕಳೆದ ಮೇಲೆ ನಿಧಾನವಾಗಿ ಮಗು ಕಿರುಚುವುದು ನಿಂತಿತು. ಟ್ರಂಕಿನ ಮೆಣಸಿನ ಪುಡಿಯನ್ನೂ ಬಿಡಲಿಲ್ಲ, ಜಯ ಅದನ್ನು ಗಂಜಿಯ ಮೇಲೆ ಉದುರಿಸಿಕೊಂಡು ಕುಡಿಯುತ್ತಿದ್ದಳು. ಮೆಣಿಕೆಗೂ ಅದು ರುಚಿಸಿ ಒಂದು ಪೊಟ್ಟಣ ಒಯ್ದಳು. ಮುಂದೆ ಯಾವತ್ತಾದರೂ ಅವಳ ಮೊಮ್ಮಗಳು ಇದು ರಾಜರ ಕಾಲದ್ದು ಎಂದು ಯಾರಿಗಾದರೂ ಹೇಳಬಹುದು. ಹೇಳಲಿ.

ಅತ್ತೆ ನಾವು ಹೊರಡುವ ತನಕ ನನ್ನ ಜೊತೆ ಮಾತಾಡಲಿಲ್ಲ. ಹಿಂತಿರುಗುವ ಹಡಗಿನಲ್ಲಿ ಮತ್ತೆ ಕಕ್ಕಿದರು. ನೀರು ಕೇಳಲಿಲ್ಲ. ನಾನು ಕೂಜವನ್ನು ಅವರ ಪಕ್ಕದಲ್ಲಿಟ್ಟು ಮುಖ ಆ ಕಡೆ ಮಾಡಿದೆ. ಸ್ವಲ್ಪ ಹೊತ್ತಿನ ಮೇಲೆ ಗಟಗಟ ಸದ್ದು ಕೇಳಿಸಿತು.

ತೀರ್ಥಹಳ್ಳಿ

ಮರುವರ್ಷ ನನ್ನ ನಾದಿನಿ ಹೆರಿಗೆಗೆ ತವರಿಗೆ ಬಂದಳು. ನಾನು ಸಾಗರದ ನಮ್ಮ ಮನೆಯಿಂದ ಹೋದೆ. ಹೆರಿಗೆಯಾದ ಮೊದಲ ದಿನವೇ ನೀರಿಗೆ ಜೀರಿಗೆ ಹಾಕಿ ಕುದಿಸಿ, ಕೂಜದಲ್ಲಿ ತುಂಬಿ, ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟೆ. ಎಲ್ಲರಿಗೂ ಕಾಣುವ ಹಾಗೆಯೇ ಇಟ್ಟೆ. ಜಗಳಕ್ಕೆ ಮಾತುಗಳನ್ನು ಬಸ್ಸಿನಲ್ಲಿಯೇ ಜೋಡಿಸಿಕೊಂಡು ಬಂದಿದ್ದೆ.

ಅತ್ತೆ ಮೆಣಸಿನ ಅನ್ನದ ತಟ್ಟೆ ಹಿಡಿದು ಬಂದರು. ಕೂಜ ನೋಡಿದರು. ತಟ್ಟೆ ಇಟ್ಟು ಹೋದರು.

ಮಾರನೆಯ ಬೆಳಿಗ್ಗೆ ನಾನು ಏಳುವುದು ಸ್ವಲ್ಪ ತಡವಾಯಿತು. ಕೂಜ ತುಂಬಿಸಲೆಂದು ಕೋಣೆಗೆ ಹೋಗಿ ಎತ್ತಿದೆ. ಅದು ತುಂಬಿತ್ತು. ಇನ್ನೂ ಬಿಸಿ ಇತ್ತು.